ನಲ್ಲಿಯ ಕೆಳಗೆ ತೊಳೆದ ಉಂಗುರಗಳು

ಸೋಮವಾರ ಬೆಳಗ್ಗೆ ಆರು ಐವತ್ತಕ್ಕೆ ಕೆಳಮನೆಯ ಹೆಂಗಸು ಪೊಲೀಸರಿಗೆ ಫೋನ್ ಮಾಡಿದಳು. ಅವಳ ಮನೆಯ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತನ್ನ ಬಳಿಯಿದ್ದ ಕೀಲಿಯಿಂದ ಮೇಲಿನ ಮನೆ ತೆರೆದು ನೋಡಿದರೆ, ಹೈಸ್ಕೂಲಿನ ಲ್ಯಾಬ್ ಟೀಚರ್ ನೆಲದ ಮೇಲೆ ಸತ್ತು ಬಿದ್ದಿದ್ದರು.

ಇನ್‌ಸ್ಪೆಕ್ಟರ್ ಮೇಡಂ ಬಂದಾಗ ಹಾಲಿನ ಪರದೆಗಳು ಮುಚ್ಚಿದ್ದವು. ಬೆಳಕೆಂದರೆ ಮೂಲೆಯ ಮೀನಿನ ತೊಟ್ಟಿಯ ನೀಲಿ ದೀಪವೊಂದೇ. ಅರವತ್ತು ಲೀಟರಿನ ಸಣ್ಣ ತೊಟ್ಟಿ. ಸಮುದ್ರದಂಥ ಉಪ್ಪುನೀರು. ಒಳಗೆ ಒಂದೇ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಅದು ಗಾಜಿಗೆ ಮೂತಿ ಒತ್ತಿ ಎದುರಿನ ಖಾಲಿ ಕುರ್ಚಿಯ ಕಡೆ ತಿರುಗಿ ನಿಂತಿತ್ತು.

ಟೀಚರ ಬಲಗೈ ಪಕ್ಕ ಫಿಲ್ಟರಿನ ಡಬ್ಬ ಮಗುಚಿ ಬಿದ್ದಿತ್ತು. ಅದರ ವೈರಿನ ಸಿಪ್ಪೆ ಒಂದು ಕಡೆ ಕಿತ್ತು ತಾಮ್ರ ಕಾಣುತ್ತಿತ್ತು. ಸುತ್ತ ನೀರು. ಅಡುಗೆಮನೆಯ ಸಿಂಕಿನಲ್ಲಿ, ನಲ್ಲಿಯ ಕೆಳಗೆ, ಫಿಲ್ಟರಿನೊಳಗಿನ ಪಿಂಗಾಣಿ ಉಂಗುರಗಳ ರಾಶಿ. ಒಂದೊಂದೂ ಬೆರಳಿನ ತುದಿಯಷ್ಟು. ತೊಳೆದು ಬೆಳ್ಳಗಾಗಿದ್ದವು.

"ಕರೆಂಟ್ ಹೊಡೆದಿದೆ, ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. "ಫಿಲ್ಟರ್ ತೊಳೆಯೋಕೆ ಹೋಗಿದಾರೆ, ಪ್ಲಗ್ ತೆಗೆದಿಲ್ಲ. ಮುಗೀತು ಕೇಸು."

"ಯಾಕ್ರೀ, ತಿಂಡಿಗೆ ಹೊತ್ತಾಯ್ತಾ?"

"ಹಾಗಲ್ಲ ಮೇಡಂ..."

"ಹಾಗೇನೇ. ಮನೆಯೊಳಗೆ ಯಾರನ್ನೂ ಬಿಡಬೇಡಿ. ಇಲ್ಲಿ ಕಂಡದ್ದನ್ನ ಯಾರಿಗೂ ಹೇಳಬೇಡಿ."

ಕೆಳಮನೆಯವಳು ಮೆಟ್ಟಿಲ ಮೇಲೆ ಕೂತಿದ್ದಳು. "ಮಗಳು ಹೋಗಿ ಒಂದು ವರ್ಷ ಆಯ್ತು. ರಸ್ತೇಲಿ ನಡ್ಕೊಂಡು ಹೋಗ್ತಿದ್ದ ಹುಡುಗೀನ ಯಾವುದೋ ಗಾಡಿ ಗುದ್ದಿ ಹೊರಟೋಯ್ತು. ಈ ತೊಟ್ಟಿ ಅವಳದ್ದು. ದಿನಾ ಸಂಜೆ ಐದೂಕಾಲಿಗೆ ಟೀಚರ್ ಅದರ ಮುಂದೆ ಕೂತು ಮಾತಾಡೋರು. ಏನೋ ಕೇಳೋರು, ಸುಮ್ಮನಾಗೋರು, ಆಮೇಲೆ ನಗೋರು. ಆ ಕಡೆಯಿಂದ ಯಾರೋ ಉತ್ತರ ಕೊಟ್ಟ ಹಾಗೆ."

"ನೆನ್ನೆ?"

"ನೆನ್ನೆ ನಾನು ಮನೇಲಿರಲಿಲ್ಲ. ಶನಿವಾರ ಜಗಳ ಕೇಳಿಸ್ತು. ಆ ಮೀನಂಗಡಿ ಉಪ್ಪಣ್ಣನ ಜೊತೆ."

* * *

ಉಪ್ಪುನೀರಿನ ಮೀನು ಮಾರುವವನಾದ್ದರಿಂದ ಬೀದಿಗೆಲ್ಲ ಅವನು ಉಪ್ಪಣ್ಣ. ಟೀಚರ ಮನೆಯ ಫಿಲ್ಟರ್ ಜೋಡಿಸಿದ್ದು ಅವನೇ. ಹತ್ತು ಗಂಟೆಯ ಹೊತ್ತಿಗೆ ಟೀಚರ ತಮ್ಮ ಠಾಣೆಗೆ ಬಂದು ದೂರು ಕೊಟ್ಟಿದ್ದ: ಕೆಟ್ಟ ವೈರ್ ಹಾಕಿ ಅಕ್ಕನನ್ನು ಕೊಂದವನು ಉಪ್ಪಣ್ಣ. ಮೇಲಧಿಕಾರಿಯ ಫೋನೂ ಬಂತು. ಸಂಜೆ ನಾಲ್ಕರೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು. ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು.

ಉಪ್ಪಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. ಮೊದಲು ಕೇಳಿದ್ದು ತನ್ನ ವಿಷಯವನ್ನಲ್ಲ.

"ಮೀನು ಬದುಕಿದೆಯಾ ಮೇಡಂ?"

"ಬದುಕಿದೆ. ಶನಿವಾರ ಜಗಳ ಯಾಕೆ?"

"ಉಂಗುರ ಎಲ್ಲಾ ಒಂದೇ ಸಲಕ್ಕೆ ತೆಗೀತೀನಿ, ಕಲ್ಲು ಹಾಕ್ತೀನಿ ಅಂದ್ರು. ಬೇಡಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ."

"ಅರ್ಥ ಆಗೋ ಹಾಗೆ ಹೇಳಿ."

"ಮೀನಿನ ಕೊಳೆಯಿಂದ ನೀರಲ್ಲಿ ಅಮೋನಿಯ ಆಗುತ್ತೆ. ಅದು ವಿಷ. ಅದನ್ನ ತಿನ್ನೋ ಕಣ್ಣಿಗೆ ಕಾಣದ ಜೀವಾಣು ಇರ್ತವೆ. ಅವಕ್ಕೊಂದು ಮನೆ ಬೇಕು. ಡಬ್ಬದೊಳಗಿನ ಉಂಗುರ ಆದರೂ ಸೈ, ಸಮುದ್ರದ ತೂತುಕಲ್ಲಾದರೂ ಸೈ. ಮಗಳಿಗೆ ಕಲ್ಲೇ ಬೇಕಿತ್ತು. ಅಮ್ಮನಿಗೆ ಉಂಗುರದ ಮೇಲೇ ನಂಬಿಕೆ. ವರ್ಷ ಆದ ಮೇಲೆ ಮನಸ್ಸು ಬದಲಾಯಿಸಿದ್ರು. ಮಗಳು ಹೇಳಿದ ಹಾಗೇ ಆಗಲಿ ಅಂದ್ರು."

"ಆ ಉಂಗುರಾನ ನೆನ್ನೆ ಸಿಂಕಲ್ಲಿ ತೊಳೆದಿದಾರೆ."

ಉಪ್ಪಣ್ಣ ತಲೆಯೆತ್ತಿದ. "ಯಾವ ನೀರಲ್ಲಿ?"

"ನಲ್ಲಿ ನೀರಲ್ಲಿ."

"ಹಾಗಾದ್ರೆ ತೊಳೆದಿದ್ದು ಅವರಲ್ಲ. ಕಲ್ಲು ಇನ್ನೂ ಹೋಗಿಲ್ಲ, ಅಲ್ಲೀವರೆಗೆ ಉಂಗುರ ಬೇಕೇ ಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಜೀವಾಣು ಪೂರ್ತಿ ಸಾಯ್ತವೆ. ತೊಟ್ಟಿಯ ಹಳೇ ನೀರನ್ನ ಬಕೆಟ್ಟಿಗೆ ತಗೊಂಡು ಅದರಲ್ಲೇ ಅಲ್ಲಾಡಿಸಬೇಕು. ಉಂಗುರ ಕಂದು ಬಣ್ಣಕ್ಕೇ ಇರಬೇಕು. ಬೆಳ್ಳಗಾಯ್ತು ಅಂದ್ರೆ ಸತ್ತೋಯ್ತು ಅಂತ ಲೆಕ್ಕ."

"ಇದು ನೀವು ತಪ್ಪಿಸಿಕೊಳ್ಳೋಕೆ ಹೇಳೋ ಮಾತೂ ಆಗಬಹುದಲ್ಲ?"

"ಆಗಬಹುದು. ಅವರ ನೋಟ್‌ಬುಕ್ ನೋಡಿ. ನನ್ನ ಅಂಗಡಿ ಡ್ರಾಯರಲ್ಲಿದೆ. ಎಷ್ಟು ಕಲ್ಲು ಬೇಕು ನೋಡಿ ಹೇಳಿ ಅಂತ ಶನಿವಾರ ಕೊಟ್ರು. ಸೋಮವಾರದವರೆಗೆ ಯಾರಿಗೂ ಕೊಡಬೇಡಿ, ನಿಮ್ಮ ಹತ್ರಾನೇ ಇರಲಿ ಅಂದ್ರು."

"ಓದಿದ್ರಾ?"

"ನಾನು ಅಂಕಿ ಮಾತ್ರ ನೋಡೋನು ಮೇಡಂ."

* * *

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗಳ ಓರೆ ಅಕ್ಷರ, ಎರಡೆರಡು ಅಡಿಗೆರೆ ಎಳೆದದ್ದು: "ಅಮ್ಮಾ, ಉಂಗುರಕ್ಕೆ ನಲ್ಲಿ ನೀರು ಸೋಕಿಸಬೇಡ." ಅಲ್ಲಿಂದ ಮುಂದೆ ದಿನಕ್ಕೊಂದು ಸಾಲು, ಸಂಜೆ ಐದೂಕಾಲರ ಲೆಕ್ಕ. ಅಮೋನಿಯ ಸೊನ್ನೆ. ಅಮೋನಿಯ ಸೊನ್ನೆ. ಒಂದು ತಾರೀಖಿನ ನಂತರ ಓರೆ ಅಕ್ಷರ ನಿಂತು, ನೆಟ್ಟಗಿನ ಅಕ್ಷರ ಶುರುವಾಗಿತ್ತು. ಮಧ್ಯೆ ಒಂದು ದಿನವೂ ತಪ್ಪಿರಲಿಲ್ಲ.

ಮಗಳು ಕಲ್ಲಿನ ಟಿಪ್ಪಣಿಗಳನ್ನು ಬರೆದದ್ದು ಪುಸ್ತಕದ ಹಿಂಬದಿಯಿಂದ. ಕಲ್ಲಿನ ತೂಕ, ಇಡುವ ರೀತಿ. ಅಲ್ಲೊಂದು ಪುಟದ ಮೂಲೆ ಮಡಚಿತ್ತು. ಅವಳು ಸತ್ತ ದಿನದ ತಾರೀಖು.

"ಐದೂಕಾಲು. ಮಾವನ ಬೈಕಲ್ಲಿ ಉಪ್ಪಣ್ಣನ ಅಂಗಡಿಗೆ ಹೋಗ್ತಿದ್ದೀನಿ. ಕಲ್ಲು ತರ್ತೀನಿ."

ಅದರ ಕೆಳಗೆ ಹೊಸ ಇಂಕಿನಲ್ಲಿ ಅಮ್ಮನ ಅಕ್ಷರ: "ಆ ದಿನ ಅವಳನ್ನು ನೋಡೇ ಇಲ್ಲ ಅಂದಿದ್ದ ತಮ್ಮ."

ಇನ್‌ಸ್ಪೆಕ್ಟರ್ ಪುಸ್ತಕ ಮುಚ್ಚಿದರು. ಒಂದು ವರ್ಷ ಈ ಸಾಲು ಆ ಮನೆಯಲ್ಲೇ ಇತ್ತು. ಟೀಚರ್ ಪ್ರತಿ ಸಂಜೆ ಇದೇ ಪುಸ್ತಕ ಬಿಚ್ಚಿದ್ದರು, ಮುಂದಿನಿಂದ. ಕಲ್ಲು ಹಾಕಲು ಹೊರಟಾಗಲೇ ಹಿಂಬದಿ ತಿರುವಿದ್ದು.

* * *

ಮಧ್ಯಾಹ್ನ ಎರಡು ಗಂಟೆಗೆ ಟೀಚರ ತಮ್ಮ ಬಂದ, ದೂರಿನ ಹೇಳಿಕೆಗೆ ಸಹಿ ಹಾಕಲು. ಕಣ್ಣು ಕೆಂಪಾಗಿತ್ತು.

"ಅಕ್ಕನ ಮನೆಗೆ ಕೊನೇ ಸಲ ಹೋಗಿದ್ದು?"

"ಒಂದು ತಿಂಗಳಾಯ್ತು."

"ನೆನ್ನೆ ನಾಲ್ಕು ಗಂಟೆಗೆ ಅವರು ನಿಮಗೆ ಫೋನ್ ಮಾಡಿದ್ರು."

"ಹೌದು. ಸುಮ್ಮನೆ ಮಾತಾಡೋಕೆ. ಫಿಲ್ಟರ್ ತೊಳೀತಾ ಇದೀನಿ ಅಂದ್ಲು. ಪ್ಲಗ್ ತೆಗಿ ಅಂತ ನಾನೇ ಹೇಳಿದೆ ಮೇಡಂ."

"ಹೇಗೆ ತೊಳೆಯೋರು?"

"ಎಲ್ಲರ ಹಾಗೆ. ಆ ಉಂಗುರಾನೆಲ್ಲ ಸಿಂಕಿಗೆ ಹಾಕಿ, ನಲ್ಲಿ ಬಿಟ್ಟು, ಬೆಳ್ಳಗಾಗೋವರೆಗೂ ಉಜ್ಜೋಳು. ಕಣ್ಣಾರೆ ನೋಡಿದೀನಿ."

"ನೋಡಿದ್ದೀರಿ. ನೆನ್ನೆ. ನಿಮ್ಮ ಕೈಯಾರೆ."

ಅವನು ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟ. ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ.

"ಟೀಚರ್ ಒಂದು ಸಲವೂ ಹಾಗೆ ತೊಳೆದವರಲ್ಲ. ನೀವು ಹೇಳಿದ ಹಾಗೆ ತೊಳೀತಿದ್ರೆ ಮೀನು ವರ್ಷ ಪೂರ್ತಿ ಬದುಕ್ತಿರಲಿಲ್ಲ. ಉಪ್ಪಣ್ಣನೂ ತೊಳೆಯೋನಲ್ಲ, ಅವನ ಹೊಟ್ಟೆಪಾಡೇ ಅದು. ಪಾತ್ರೆ ತೊಳೆದ ಹಾಗೆ ತೊಳೆಯೋನು ಆ ತೊಟ್ಟಿ ಬಗ್ಗೆ ಏನೂ ಗೊತ್ತಿಲ್ಲದವನು. ವೈರ್ ಕಿತ್ತದ್ದು, ಉಂಗುರ ಸಿಂಕಲ್ಲಿದ್ದದ್ದು, ಎರಡನ್ನೂ ನಾವು ನಿಮಗೆ ಹೇಳಿಲ್ಲ. ನಿಮ್ಮನ್ನ ಒಳಗೂ ಬಿಟ್ಟಿಲ್ಲ. ಎಲ್ಲಿ, ಶೂ ಮುಂದೆ ಚಾಚಿ."

ಕಪ್ಪು ಕ್ಯಾನ್ವಾಸ್ ಶೂ. ಅಟ್ಟೆಯ ಮೇಲೆ ಸುತ್ತಲೂ ಬೆರಳಗಲ ಬಿಳಿ ಪಟ್ಟೆ.

"ಬೆವರು," ಎಂದ.

"ಬೆವರು ಒಳಗಿಂದ ಬರುತ್ತೆ. ಇದು ನೆಲದಿಂದ ಹತ್ತಿದೆ. ಫಿಲ್ಟರ್ ಡಬ್ಬ ಮಗುಚಿದಾಗ ಆ ಹಾಲಲ್ಲಿ ನಿಂತಿತ್ತಲ್ಲ, ಆ ನೀರು. ಮಾಮೂಲಿ ನೀರಾಗಿದ್ರೆ ಒಣಗಿ ಹೋಗ್ತಿತ್ತು. ಉಪ್ಪುನೀರು ಒಣಗಿದ್ರೂ ಉಪ್ಪು ಉಳಿಯುತ್ತೆ."

ನೋಟ್‌ಬುಕ್ಕಿನ ಮಡಚಿದ ಪುಟವನ್ನು ಅವನ ಮುಂದೆ ಬಿಚ್ಚಿಟ್ಟರು. ಅವನು ಓದಲಿಲ್ಲ. ಓರೆ ಅಕ್ಷರ ಕಂಡದ್ದೇ ಮುಖ ತಿರುಗಿಸಿದ.

"ಬೈಕ್ ಜಾರಿತು," ಎಂದ. "ನಾನು ಕುಡಿದಿದ್ದೆ. ಅವಳಿಗಿನ್ನೂ ಉಸಿರಿತ್ತು. ಮಾವಾ ಅಂದ್ಲು. ನಾನು ಹೊರಟುಬಿಟ್ಟೆ."

"ನೆನ್ನೆ?"

"ಅಕ್ಕ ಬಾ ಅಂದ್ಲು, ಹೋದೆ. ಆ ತೊಟ್ಟಿ ಮುಂದೆ ಕೂರಿಸಿದ್ಲು. ಇವಳ ಮುಂದೇನೇ ಹೇಳು ಅಂದ್ಲು. ಇವಳ ಮುಂದೆ! ಎದುರಿಗೆ ಬರೀ ಮೀನು, ಮೇಡಂ. ಅದು ನನ್ನನ್ನೇ ನೋಡ್ತಿತ್ತು. ನಾಳೆ ಪೊಲೀಸಿಗೆ ಹೋಗ್ತೀನಿ ಅಂದ್ಲು. ತಳ್ಳಿದೆ. ತಲೆ ತೊಟ್ಟಿ ಇಟ್ಟ ಸ್ಟ್ಯಾಂಡಿನ ಅಂಚಿಗೆ ಬಡೀತು."

ಆಮೇಲಿನದ್ದು ಅವನು ಹೇಳದೆಯೂ ಗೊತ್ತಿತ್ತು. ವೈರ್ ಕೆರೆದದ್ದು, ಡಬ್ಬ ಬಿಚ್ಚಿ ನೀರು ಚೆಲ್ಲಿದ್ದು, ತೊಳೆಯುತ್ತಿದ್ದರೆಂದು ತೋರಿಸಲು ಉಂಗುರಗಳನ್ನು ಸಿಂಕಿಗೆ ಸುರಿದದ್ದು. ಸಂಜೆ ಬಂದ ವೈದ್ಯರ ವರದಿಯಲ್ಲಿ ಕರೆಂಟಿನ ಗುರುತು ಇರಲಿಲ್ಲ. ತಲೆಯ ಹಿಂದೆ ಒಂದೇ ಪೆಟ್ಟಿತ್ತು.

ಮೂರೂಮುಕ್ಕಾಲಿಗೆ ಕೋರ್ಟಿಗೆ ಹೋದದ್ದು ತಮ್ಮ.

* * *

ಉಪ್ಪಣ್ಣ ಅಂಗಡಿಯ ಬೀಗ ತೆಗೆಸಿಕೊಂಡು, ಮುಚ್ಚಳದ ಬಕೆಟ್ ಹಿಡಿದು ಟೀಚರ ಮನೆಗೆ ಬಂದ. ಒಳಗೆ ಉಪ್ಪುನೀರಿನಲ್ಲಿ ಮುಳುಗಿದ ನಾಲ್ಕು ಕಲ್ಲು.

"ಆ ಹುಡುಗಿಗೆ ಅಂತ ಎತ್ತಿಟ್ಟಿದ್ದು ಮೇಡಂ. ಆ ಸಂಜೆ ಬರಲೇ ಇಲ್ಲ. ಮಾರೋಕೂ ಮನಸ್ಸಾಗಲಿಲ್ಲ. ವರ್ಷ ಪೂರ್ತಿ ನನ್ನ ತೊಟ್ಟೀಲೇ ಬದುಕಿಸಿಟ್ಟಿದ್ದೆ."

ನೀರು ಅರ್ಧ ಬದಲಾಯಿಸಿ, ಕಲ್ಲುಗಳನ್ನು ಒಂದೊಂದಾಗಿ ಇಳಿಸಿದ. ಹುಡುಗಿ ಬರೆದಿಟ್ಟ ರೀತಿಯಲ್ಲೇ ಇಟ್ಟ. ಗೋಡೆಯ ಗಡಿಯಾರದಲ್ಲಿ ಐದು ಹದಿನೈದಾಯಿತು. ಮೀನು ಮುಂದೆ ಬಂದು, ಗಾಜಿಗೆ ಮೂತಿ ಒತ್ತಿ, ಖಾಲಿ ಕುರ್ಚಿಯ ಎದುರು ನಿಂತಿತು. ಕುರ್ಚಿಯಲ್ಲಿ ಕೂರಲು ಹೊರಟಿದ್ದ ಇನ್‌ಸ್ಪೆಕ್ಟರ್ ಕೂರಲಿಲ್ಲ.

ಆ ದಿನದ ಸಾಲನ್ನು ನೋಟ್‌ಬುಕ್ಕಿನಲ್ಲಿ ಉಪ್ಪಣ್ಣ ಬರೆದ. ದಪ್ಪ, ವಕ್ರ ಅಕ್ಷರ: ಅಮೋನಿಯ ಅರ್ಧ. ಮರುದಿನ ನೋಟ್‌ಬುಕ್ ಸಾಕ್ಷಿಯಾಗಿ ಕೋರ್ಟಿಗೆ ಹೋಯಿತು, ಅವನು ಹೊಸದೊಂದು ಕೊಂಡ. ಒಂಬತ್ತನೇ ದಿನ ಸೊನ್ನೆ ಎಂದು ಬರೆದ.