ಮಾಳಿಗೆ ಏರಿದ ಪಾಂಡವ

ಬಾಬಾಸಾಹೇಬ, ನಿನ್ನ ಕೈಯಲ್ಲಿರುವ ಚಹಾದ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಿದ್ದರೆ ಆ ಚಹಾ ನಿನಗೆ ದಕ್ಕದಿರಲಿ.

೨೦೧೧ರ ದೀಪಾವಳಿ ಪಾಡ್ಯ. ಅಕ್ಕೋಳದ ಹೆಂಗಸರೆಲ್ಲ ಸಗಣಿಯ ಪಾಂಡವರನ್ನು ಮಾಡಿ ಬಾಗಿಲಲ್ಲಿ ಕೂರಿಸುವ ದಿನ. ಉತ್ರಾಣಿ ಕಡ್ಡಿ, ಚೆಂಡುಹೂ ಸಿಗಿಸಿದರೆ ಉಳಿದವರಿಗೆ ಸಾಕು. ಭೀಮಗೊಂಡನ ಮಗಳು ಪೂನಮಳಿಗೆ ಸಾಲದು. ಹಳ್ಳದ ದಂಡೆಯೆಲ್ಲ ತಿರುಗಿ ಎಲೆ, ಬೀಜ ತಂದು, ನಡುವಿನ ಪಾಂಡವನ ತಲೆಗೆ ಎಕ್ಕೆಲೆಯ ಪಟಗ ಸುತ್ತಿದಳು, ಗುಲಗಂಜಿಯ ಕಣ್ಣಿಟ್ಟಳು, ಗೊಂಜಾಳದ ತೆನೆಯ ಕೂದಲಿನಿಂದ ಮೀಸೆ ತೀಡಿದಳು. ಎದ್ದು ಬಂದು ನೀರು ಕೇಳುತ್ತಾನೇನೋ ಅನ್ನುವ ಹಾಗಿದ್ದ.

ತೊಂದರೆ ಇಷ್ಟೇ: ಅವನು ಥೇಟ್ ಪಕ್ಕದ ಮನೆಯ ಮುರಗೆಪ್ಪ. ಭೀಮಗೊಂಡನಿಗೂ ಮುರಗೆಪ್ಪನಿಗೂ ಹೊಲದ ಬದುವಿನ ಹಗೆ.

"ನನ್ನ ಮಾರಿ ಶೆಗಣ್ಯಾಗ ಮಾಡಸ್ತಿ ಏನಲೇ?" ಮುರಗೆಪ್ಪ ಕಬ್ಬು ಕಡಿಯುವ ಕೊಯ್ತಾ ಹಿಡಿದು ಬಂದ.

"ನಿನ್ನ ಮಾರಿಗಿ ಶೆಗಣಿ ಯಾಕ ದಂಡ ಮಾಡ್ಲಿ?" ಭೀಮಗೊಂಡ ಬಡಿಗೆ ಎತ್ತಿದ.

ಬಡಿಗೆ ಬಿದ್ದ ರಭಸಕ್ಕೆ ಮುರಗೆಪ್ಪನ ಹಲ್ಲೊಂದು ಹಾರಿ ನಿಪ್ಪಾಣಿ ಬಸ್ಸಿನ ಸೀಟಿನಲ್ಲಿ ಕುಳಿತಿತು. ಕಂಡಕ್ಟರ್ ಟಿಕೆಟ್ ಕೇಳಿದ. ಮುರಗೆಪ್ಪ ಭೀಮಗೊಂಡನ ಕಿವಿ ಕಚ್ಚಿ ಉಗುಳಿದ. ರಂಗೋಲಿಯ ಬಿಳಿ ಗೆರೆಗಳು ಕೆಂಪಾದವು. ಕೊಯ್ತಾ ಕುತ್ತಿಗೆಗೆ ಇಳಿಯಬೇಕು, ಅಷ್ಟರಲ್ಲಿ ಮುರಗೆಪ್ಪನ ಮಗ ಸಂಗ್ರಾಮ ಅಡ್ಡ ನುಗ್ಗಿ ಅಲಗನ್ನೇ ಅಂಗೈಯಲ್ಲಿ ಹಿಡಿದ.

ಪೂನಮ ಕಿರುಚಿದಳು: "ಕಾಕಾ, ಅದು ನಿಮ್ಮ ಮಾರಿ ಅಲ್ರಿ! ನಿಮ್ಮ ಮಗಂದು!"

ಓಣಿಯೆಲ್ಲ ಬಗ್ಗಿ ಗೊಂಬೆಯನ್ನೂ ಸಂಗ್ರಾಮನನ್ನೂ ನೋಡಿತು. ಆಮೇಲೆ ಇಬ್ಬರು ಅಪ್ಪಂದಿರೂ ಹಗೆ ಮರೆತು, ಒಟ್ಟಾಗಿ ಸಂಗ್ರಾಮನ ಮೇಲೆ ಬಿದ್ದರು.

ಅವನು ಗೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು ಮಾಳಿಗೆ ಹತ್ತಿದ. ಪೂನಮ ಬೆನ್ನಿಗೇ ಹತ್ತಿ ಏಣಿಯನ್ನು ಮೇಲೆಳೆದುಕೊಂಡಳು.

"ಮಾಳಿಗಿ ಏರಿದ ಪಾಂಡವ್ನ ಒಣಗೂತನಾ ಇಳಸಾಂಗಿಲ್ಲ," ಪೂನಮಳ ಅಜ್ಜಿ ಕೆಂಪವ್ವ ಕೆಳಗಿನಿಂದ ಗುಡುಗಿದಳು. "ಅಂವನ ಜೋಡಿ ಏರಿದವ್ರನ್ನೂ ಯಾರೂ ಮುಟ್ಟಬ್ಯಾಡ್ರಿ."

"ಒಣಗ್ಲಿ," ಎಂದ ಮುರಗೆಪ್ಪ. "ಒಣಗಿದ ದಿನಾನ ಇಬ್ರನ್ನೂ ಕಡೀತೀನಿ."

ಮೇಲೆ ಪೂನಮ ಚೆಂಡುಹೂವಿನ ಎಲೆ ಅರೆದು ಸಂಗ್ರಾಮನ ಅಂಗೈಗೆ ಹಿಂಡಿದಳು. ಓಢಣಿ ಹರಿದು ಕಟ್ಟಿದಳು. ಗಂಟು ಮುಗಿದರೂ ಅವಳು ಕೈ ಬಿಡಲಿಲ್ಲ, ಅವನೂ ನೆನಪಿಸಲಿಲ್ಲ.

"ನನ್ನ ಮೀಸಿ ಇಷ್ಟ ಬಡಕಲ ಐತೇನ?"

"ಗೊಂಜಾಳಾನ ಅಷ್ಟ ಎಳೀದಿತ್ತು."

"ಮತ್ತ ಕಣ್ಣ್ಯಾಕ ಹಿಂಗ ಕೆಂಪ?"

"ಕದ್ದ ನನ್ನ ನೋಡೂವಾಗ ಹಿಂಗ ಇರ್ತಾವ."

ಬೆಳಿಗ್ಗೆ ಅಜ್ಜಿ ಹಗ್ಗಕ್ಕೆ ಕಟ್ಟಿ ಒಂದು ತಂಬಿಗೆ ನೀರು ಕಳಿಸಿದಳು. ಪೂನಮ ತನ್ನ ಪಾಲು ಕುಡಿಯಲಿಲ್ಲ. ಬೊಗಸೆಯಿಂದ ಗೊಂಬೆಯ ಮೇಲೆ ಚಿಮುಕಿಸಿದಳು.

"ಯಾಕ?"

ಅವಳು ಅವನತ್ತ ನೋಡದೆ ಹೇಳಿದಳು: "ಒಣಗಿದ್ರ ನೀ ಇಳೀಬೇಕಾಕ್ಕೈತಿ."

ಸಂಗ್ರಾಮ ತನ್ನ ಪಾಲಿನ ನೀರನ್ನೂ ಗೊಂಬೆಗೇ ಸುರಿದ.

"ನೀರಡಿಕಿ ಆಗಂಗಿಲ್ಲೇನ ನಿನಗ?"

"ಆಗ್ತೈತಿ. ಆಗ್ಲಿ."

ಕೆಳಗೆ ಮುರಗೆಪ್ಪ ಕೊಯ್ತಾ ಮಸೆಯುತ್ತ ಕಾದ. ಗೊಂಬೆ ಒಣಗಲಿಲ್ಲ. ಚಳಿ ಹೋಯಿತು, ಬೇಸಿಗೆ ಹೋಯಿತು, ಮಳೆ ಬಂತು. ಮಸೆದು ಮಸೆದು ಕೊಯ್ತಾ ಚಾಕುವಾಯಿತು, ಚಾಕು ಸೂಜಿಯಾಯಿತು. ಮಾಳಿಗೆಯ ಮೇಲೆ ಕೂಸು ಅತ್ತ ದಿನ ಭೀಮಗೊಂಡ ಅರ್ಧ ಕಿವಿಯಲ್ಲೇ ಅದನ್ನು ಕೇಳಿಸಿಕೊಂಡು, ತೊಟ್ಟಿಲಿಗೆ ಹಗ್ಗ ಕಟ್ಟಿದ. ಮುರಗೆಪ್ಪ ಕೈಯಲ್ಲಿದ್ದ ಸೂಜಿಯನ್ನು ನೋಡಿದ, ದಾರ ತರಲು ಹೇಳಿದ, ಆಮೇಲೆ...

ಲೇ ಬಾಬಾಸಾಹೇಬ, ಎಲ್ಲಿ ಹೊಂಟಿ? ಆ ಸೂಜೀಲೆ ಕೂಸಿನ ತಲಿಗಿ ಕುಂಚಿಗಿ ಹೊಲದಾಂವ ಖುದ್ದ ಮುರಗೆಪ್ಪ ಅಂದ್ರ ನೀ ನಂಬಾಂಗಿಲ್ಲೇನ? ಚಹಾ ಕುಡದ ನೋಡ, ದಕ್ಕತೈತಿ!