ಗುಂಡಿಯ ತಳದ ಹೆಸರು

“ನಾಣ್ಯ ಹಾಕ್ರಿ, ತಾರೀಖು ಬರೀರಿ. ಹೆಸರೊಂದು ಬ್ಯಾಡ ಬಾಯಾರ. ಕೈ ಮುಗೀತೀನಿ.”

ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮುದುಕ ಹೀಗೆ ಹೇಳಿದಾಗ ತಳದಲ್ಲಿ ಮಂಡಿಯೂರಿದ್ದ ನೀಲಾಗೆ ನಗು ಬಂತು. ಎರಡು ತಿಂಗಳು ಬಿಸಿಲಲ್ಲಿ ಬೆಂದು ನಗುವುದಕ್ಕೂ ತ್ರಾಣ ಉಳಿಯದ ಹೊತ್ತು ಅದು. ನಗು ಅರ್ಧಕ್ಕೇ ಕೆಮ್ಮಾಯಿತು.

ಆಳೆತ್ತರದ ಗುಂಡಿ. ಮೇಲೆ ಕಟ್ಟಿದ ತಾಡಪತ್ರಿಯ ಕೆಳಗೆ ನಡುಮಧ್ಯಾಹ್ನವೂ ಮಬ್ಬುಗತ್ತಲು. ಖಾಪರಖೇಡಾ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಹಾರಿ ಬರುವ ಬೂದಿ ತಾಡಪತ್ರಿಯ ಮೇಲೆ ಸಣ್ಣಗೆ ಉದುರುವ ಸದ್ದು. ತಳದಲ್ಲಿ ಹಳೆಯ ಮಣ್ಣಿನ ವಾಸನೆ, ವರ್ಷಗಟ್ಟಲೆ ಮುಚ್ಚಿಟ್ಟ ಕಾಳಿನ ಹಗೇವು ತೆರೆದಂಥ ತಣ್ಣನೆಯ ಮುಗ್ಗಲು. ಸುತ್ತ ಇಪ್ಪತ್ತಾರು ಕರಿಗಲ್ಲುಗಳ ವೃತ್ತ. ಎರಡೂವರೆ ಸಾವಿರ ವರ್ಷಗಳ ಹಿಂದೆ ಯಾರನ್ನೋ ಅವರ ಕುದುರೆಯ ಕಡಿವಾಣದ ಜೊತೆ ಇಲ್ಲಿ ಮಲಗಿಸಿದ್ದರು. ಕಡಿವಾಣ, ಮಡಕೆ, ತಾಮ್ರದ ಬಳೆ ಎಲ್ಲವನ್ನೂ ಎತ್ತಿಯಾಗಿತ್ತು. ಮುಟ್ಟಿದರೆ ಪುಡಿಯಾಗುವ ನಾಲ್ಕು ಎಲುಬಿನ ಚೂರುಗಳನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು. ಇನ್ನು ಮಣ್ಣು ಮುಚ್ಚುವುದೊಂದೇ ಬಾಕಿ.

ಮುಚ್ಚುವ ಮುನ್ನ ತಳದಲ್ಲಿ ತಮ್ಮ ಕಾಲದ ಗುರುತೊಂದನ್ನು ಇಟ್ಟು ಬರುವುದು ಅಗೆಯುವವರ ಪದ್ಧತಿ. ನೂರು ವರ್ಷದ ಮೇಲೆ ಇನ್ನಾರೋ ಬಂದರೆ, ಇದು ಒಮ್ಮೆ ಅಗೆದ ಜಾಗ, ಇಂಥವರು ಇಂಥ ವರ್ಷ ಅಗೆದರು ಎಂದು ಅವರಿಗೆ ತಿಳಿಯಬೇಕು. ನೀಲಾ ಸ್ಟೀಲ್ ಡಬ್ಬಿಯೊಂದಕ್ಕೆ ಈ ವರ್ಷದ ನಾಣ್ಯ ಹಾಕಿದ್ದಳು. ಚೀಟಿಯಲ್ಲಿ ಸ್ಥಳ, ತಾರೀಖು ಬರೆದು ‘ಅಗೆದವರು’ ಎಂಬ ಸಾಲಿಗೆ ಬಂದಿದ್ದಳು.

“ಯಾಕೆ ಮಾಮಾ, ಹೆಸರು ಬರೆದರೆ ಏನಾಗುತ್ತೆ?”

“ನಮ್ಮ ಕಡೆ ಮಾಟಾ ಮಾಡೋರು ಏನ್ ಮಾಡ್ತಾರ್ರಿ? ಸತ್ತವರ ಎಲುಬು, ಬದುಕಿದವರ ಕಾಲಾಗಿನ ಮಣ್ಣು, ಅವರ ಹೆಸರು. ಮೂರೂ ಕೂಡಿಸಿ ಹುಗೀತಾರ. ಇಲ್ಲಿ ಎಲುಬು ಐತಿ. ಎರಡು ತಿಂಗಳು ನೀವು ತುಳಿದ ಮಣ್ಣೂ ಐತಿ. ಹೆಸರಷ್ಟ ಬಾಕಿ ನೋಡ್ರಿ.”

“ಅದನ್ನ ನಮ್ಮಲ್ಲಿ ದಾಖಲೆ ಅಂತಾರೆ ಮಾಮಾ,” ಎಂದು ನೀಲಾ ದಪ್ಪಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. “ನಿಮ್ಮ ಮಾಟಗಾರರನ್ನ ಕಳಿಸಿ, ನಮ್ಮ ಕಚೇರಿಯಲ್ಲಿ ಕೆಲಸ ಕೊಡಿಸ್ತೀನಿ.”

ಮುದುಕ ನಗಲಿಲ್ಲ. ಅವಳು ಡಬ್ಬಿಯನ್ನು ತಳದಲ್ಲಿಟ್ಟು ಏಣಿ ಹತ್ತಿ ಬಂದ ಮೇಲೆ ಟವೆಲ್ಲು ಕೊಡವಿ ಎದ್ದು, ಮುಖ ಆಚೆ ತಿರುಗಿಸಿ, ಮೊದಲ ಬುಟ್ಟಿ ಮಣ್ಣು ಸುರಿದ.

ಎಲ್ಲರೂ ಅವನನ್ನು ಕರೆಯುವುದು ಮಾಮಾ ಎಂದೇ. ಬಿಜಾಪುರದ ಕಡೆಯವನು. ಇಪ್ಪತ್ತರ ವಯಸ್ಸಿಗೆ ಕೃಷ್ಣೆಯ ದಂಡೆಯಲ್ಲಿ ಉತ್ಖನನಕ್ಕೆ ಬಂದ ತಂಡವೊಂದರ ಗುದ್ದಲಿ ಹಿಡಿದು, ಆ ತಂಡದ ಬೆನ್ನು ಹತ್ತಿ ನಾಗಪುರಕ್ಕೆ ಬಂದು, ದಿನಗೂಲಿಯಲ್ಲೇ ನಲವತ್ತು ವರ್ಷ ಸವೆದವನು. ಮಣ್ಣಿನ ಬಣ್ಣ ಕೂದಲೆಳೆಯಷ್ಟು ಬದಲಾದರೂ ಅವನ ಕರಣೆ ತಾನಾಗಿ ನಿಲ್ಲುತ್ತಿತ್ತು. ಡಿಗ್ರಿ ಹಿಡಿದು ಬಂದವರಿಗೆಲ್ಲ ಮಣ್ಣಿನ ಪದರ ಓದುವುದನ್ನು ಕಲಿಸಿದವನು ಅವನೇ. ವರದಿಗಳಲ್ಲಿ ಮಾತ್ರ ಅವನು ‘ಸ್ಥಳೀಯ ಕೂಲಿಗಳು’. ಪುರಾತತ್ವ ಇಲಾಖೆಯ ಕೆಲಸದ ಮೇಲೆ ಮೈಸೂರಿನಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿದ್ದ ನೀಲಾಗೆ ಕೆಲಸದ ಜಾಗದಲ್ಲಿ ಕನ್ನಡಕ್ಕೆ ಸಿಗುತ್ತಿದ್ದವನು ಅವನೊಬ್ಬ.

ಈ ವೃತ್ತವನ್ನು ಹಿಂದೆಯೂ ಎರಡು ಸಲ ಅಗೆದಿದ್ದರು. ಗುಂಡಿಯ ಗೋಡೆಯೇ ಅದನ್ನು ಹೇಳುತ್ತಿತ್ತು. ನೂರೈವತ್ತು ವರ್ಷದ ಹಿಂದೆ ಆಂಗ್ಲ ಅಧಿಕಾರಿಯೊಬ್ಬ ಒಂದೇ ದಿನದಲ್ಲಿ ನಡುಮಧ್ಯಕ್ಕೆ ನೆಟ್ಟಗೆ ತೋಡಿಸಿ, ಸಿಕ್ಕಿದ ಕಬ್ಬಿಣ ಹೊತ್ತು ಹೋಗಿದ್ದ. ಸಾವಿರದೊಂಬೈನೂರ ಅರವತ್ತೆಂಟರಲ್ಲಿ ಬಂದ ಪ್ರೊಫೆಸರರು ಹಗ್ಗ ಕಟ್ಟಿ, ವೃತ್ತವನ್ನು ನಾಲ್ಕು ಭಾಗ ಮಾಡಿ, ಪದರ ಪದರವಾಗಿ ಇಳಿದಿದ್ದರು. ಈಗ ನೀಲಾಳ ಕಾಲದಲ್ಲಿ ಕುಂಚ, ಜರಡಿ, ಕೂದಲೆಳೆಯಷ್ಟು ದೂರವನ್ನೂ ಅಳೆಯುವ ಯಂತ್ರ. ಆತುರ ಕಡಿಮೆಯಾಗುತ್ತ ಬಂದದ್ದೇ ಈ ಶಾಸ್ತ್ರದ ಚರಿತ್ರೆ ಎಂದು ಅವಳು ತರಬೇತಿಗೆ ಬಂದ ವಿದ್ಯಾರ್ಥಿಗಳಿಗೆ ಹೇಳುವುದಿತ್ತು.

ಇಬ್ಬರೂ ಬಿಟ್ಟುಹೋದ ಗುರುತುಗಳು ಈ ಸಲದ ಅಗೆತದಲ್ಲಿ ಸಿಕ್ಕಿದ್ದವು. ಅಧಿಕಾರಿಯದು ದಪ್ಪ ಗಾಜಿನ ಸೀಸೆಯೊಳಗೆ ಒಂದು ಕಾರ್ಡು. ಅದರಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದು ಕೆಳಗೆ ‘ಸೋಮಾ ಲಾಲ್ಯಾ’ ಎಂದು ಬರೆದಿತ್ತು. ಪ್ರೊಫೆಸರರದು ಅಲ್ಯೂಮಿನಿಯಂ ತಗಡು. ಅಲ್ಲೂ ಅವರ ಹೆಸರು ಗೀಚಿ ಹಾಕಿ ಕೆಳಗೆ ‘ತುಕಾರಾಮ ಶೇಂಡೆ’. ಕೂಲಿಗಳ ಹೆಸರುಗಳು. ನೀಲಾಳ ಕಣ್ಣು ತುಂಬಿ ಬಂದಿತ್ತು. ಪುಸ್ತಕದಲ್ಲಿ ಬರೆಯಲು ಧೈರ್ಯವಿಲ್ಲದವರು ಮಣ್ಣಿನೊಳಗಾದರೂ ಅಗೆದವರಿಗೆ ಗೌರವ ಕೊಟ್ಟಿದ್ದಾರೆ ಎಂದುಕೊಂಡು, ಅದರ ಬಗ್ಗೆ ಒಂದು ಲೇಖನಕ್ಕೆ ಟಿಪ್ಪಣಿ ಮಾಡಿಕೊಂಡಳು. ಎಷ್ಟು ತಪ್ಪು ತಿಳಿದಿದ್ದಳು, ಪಾಪ.

ಮೊಳಕಾಲುದ್ದ ಮಣ್ಣು ಬೀಳುವಷ್ಟರಲ್ಲಿ ಮಣ್ಣು ತರುತ್ತಿದ್ದ ಟ್ರ್ಯಾಕ್ಟರ್ ಕೆಟ್ಟು ಮುಚ್ಚುವ ಕೆಲಸ ಅಲ್ಲಿಗೇ ನಿಂತಿತು. ನೀಲಾ ನಾಗಪುರದ ಮಹಾಲ್ ಪೇಟೆಯ ಓಣಿಯಲ್ಲಿ ಹಳೆಯ ವಾಡೆಯೊಂದರ ಮಹಡಿಯ ತನ್ನ ಕೋಣೆಗೆ ಮರಳಿ ವರದಿ ಬರೆಯಲು ಕೂತಳು.

ದಣಿವು ಮೂರನೆಯ ದಿನ ಶುರುವಾಯಿತು. ಮೊದಲು ಅದು ಅಗೆತದ ಸೀಸನ್ನಿನ ದಣಿವು ಎಂದುಕೊಂಡಳು. ಹತ್ತು ತಾಸು ಮಲಗಿ ಎದ್ದರೂ ರಾತ್ರಿಯೆಲ್ಲ ಬುಟ್ಟಿ ಹೊತ್ತವಳಂತೆ ಭುಜ ಬೀಳುತ್ತಿತ್ತು. ಹಲ್ಲುಗಳ ನಡುವೆ ಮಣ್ಣು ಕರಕರ ಎನ್ನುತ್ತಿತ್ತು; ಬಾಯಿ ಮುಕ್ಕಳಿಸಿದರೆ ತೆಳು ಕೆಂಪು ನೀರು. ಉಗುರು ಕತ್ತರಿಸಿ ತೊಳೆದು ಬಂದರೂ ಸಂಜೆಗೆ ಉಗುರಿನಡಿ ಮತ್ತೆ ಕರಿ ಗೆರೆ. ಎದೆಯ ಮೇಲೆ ದಿನಕ್ಕೊಂದು ಬುಟ್ಟಿ ಭಾರ ಹೆಚ್ಚುತ್ತಿತ್ತು. ಭಾರ ಬೀಳುವ ಮುನ್ನ ಕಿವಿಯಲ್ಲಿ ಅದರ ಸದ್ದು ಕೇಳುತ್ತಿತ್ತು: ಸರ್ರನೆ ಜಾರಿ, ಧಪ್ಪನೆ. ಕಚೇರಿಯ ಹಾಜರಿ ಯಂತ್ರ ಅವಳ ಬೆರಳನ್ನು ಗುರುತಿಸಲಿಲ್ಲ. ದೀಪದ ಕೆಳಗೆ ಹಿಡಿದು ನೋಡಿದರೆ ಬೆರಳ ತುದಿ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು.

ಡಾಕ್ಟರು ರಕ್ತ ನೋಡಿ ಎಲ್ಲ ಸರಿಯಿದೆ ಎಂದರು. ವಿಶ್ರಾಂತಿ ಎಂದರು. ಅವಳಿಗೆ ಬೇಕಾದದ್ದೂ ಅದೇ, ಬರದಿದ್ದದ್ದೂ ಅದೇ.

ಮಾಮಾ ಎರಡು ಬಸ್ಸು ಬದಲಿಸಿ ಮಹಾಲಿಗೆ ಬಂದ. ಜೋಳದ ಭಕ್ರಿ, ಝುಣಕ ಕಟ್ಟಿಸಿಕೊಂಡು ಬಂದಿದ್ದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತ. ಅವಳ ಉಗುರು ನೋಡಿದ. ನಾನು ಹೇಳಿದ್ದೆ ಎಂದು ಅನ್ನಲಿಲ್ಲ.

“ತೆಗೆದುಬಿಟ್ಟರೆ ಹೋಗುತ್ತಾ ಮಾಮಾ? ಆ ಚೀಟಿ?”

“ಬರೇ ತಗದ್ರ ಜಾಗ ಖಾಲಿ ಉಳೀತೈತಿ ಬಾಯಾರ. ಖಾಲಿ ಬಿಡಂಗಿಲ್ಲ ಅದು.” ಅವನು ಕೆಳಗಿನ ಓಣಿಯ ಸ್ಕೂಟರುಗಳತ್ತ ನೋಡಿದ. ಆಮೇಲೆ ಬೇರೆಯದೇ ಮಾತು ತೆಗೆದ. “ನಲವತ್ತು ವರ್ಷ ಆತು. ಹನ್ನೊಂದು ಪುಸ್ತಕ ಬಂದಾವ. ಒಂದರಾಗೂ ನಾ ಇಲ್ಲ. ಹೆಸರು ಹೇಳಾಕ ಅಂಜಿ ಯಾರಿಗೂ ಹೇಳಿಲ್ಲ, ಖರೇ. ನೀವು ಬರೀತೀರಿ ಅಂದ್ರ ಹೇಳ್ತೀನಿ.”

“ಬರೀತೀನಿ ಮಾಮಾ.”

“ಹನುಮಂತ ಯಮನಪ್ಪ ಬಾರಿಗಿಡದ,” ಎಂದ ಅವನು, ನಾಚಿಕೊಂಡು.

ಅವನು ಹೋದ ಮೇಲೆ ನೀಲಾ ಹಳೆಯ ಕ್ಷೇತ್ರ ದಿನಚರಿಗಳ ನಕಲು ತೆಗೆದಳು. ಅಷ್ಟು ದಿನ ಅವುಗಳಲ್ಲಿ ಅಳತೆ ಮಾತ್ರ ನೋಡಿದ್ದಳು. ಈಗ ಅಧಿಕಾರಿಯ ಉಳಿದ ಸಾಲುಗಳನ್ನು ಓದಿದಳು: ವಿಪರೀತ ಆಯಾಸ. ಬಾಯಲ್ಲಿ ಮಣ್ಣು. ಇಂದು ಮತ್ತೆ ವೃತ್ತಕ್ಕೆ ಹೋಗಿ ಬಂದೆ. ಇಂದು ಪೂರ್ಣ ಗುಣ. ಇಂದು ಕೂಲಿಯೊಬ್ಬ ಸತ್ತ, ಜ್ವರವಿರಲಿಲ್ಲ. ಪ್ರೊಫೆಸರರ ದಿನಚರಿಯಲ್ಲಿ ಭಾಷೆ ಬೇರೆ, ಕ್ರಮ ಅದೇ. ಆಯಾಸ, ವೃತ್ತ, ಗುಣ, ಸಾವು.

ಎರಡು ಬೇರೆ ಬೇರೆ ಕಾಲದ ಸಾಕ್ಷಿಗಳು ಒಂದೇ ಕ್ರಮ ತೋರಿಸಿದರೆ ನಂಬಬೇಕು ಎಂದು ಅವಳ ಶಾಸ್ತ್ರವೇ ಹೇಳುತ್ತದೆ. ನೀಲಾ ನಂಬಿದಳು. ತಮ್ಮ ಹೆಸರು ಹೊಡೆದು ಕೂಲಿಯ ಹೆಸರು ಬರೆದದ್ದು ಗೌರವವಾಗಿರಲಿಲ್ಲ. ಅವರಿಬ್ಬರೂ ತಮ್ಮ ಜಾಗಕ್ಕೆ ಇನ್ನೊಬ್ಬನನ್ನು ಮಲಗಿಸಿ ಎದ್ದು ಹೋಗಿದ್ದರು. ಛೀ ಎಂದು ದಿನಚರಿ ಮುಚ್ಚಿದಳು.

ಭಾನುವಾರ ಮಧ್ಯಾಹ್ನ ಆಟೋ ಹಿಡಿದು ವೃತ್ತಕ್ಕೆ ಹೋದಳು. ಚೀಟಿ ತೆಗೆದು ಸುಟ್ಟುಬಿಡುವುದು, ಅಷ್ಟೇ, ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ಚೀಟಿ ತೆಗೆಯಲು ಹೋಗುವವಳಿಗೆ ಪೆನ್ನು ಯಾಕೆ ಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು.

ಯಾರೂ ಇರಲಿಲ್ಲ. ಬಿಸಿಗಾಳಿ ಎದ್ದಿತ್ತು. ಬೂದಿಯೂ ಧೂಳೂ ಕೂಡಿ ಆಕಾಶ ಕಂದಿತ್ತು. ಏಣಿ ಇಳಿದು ಕೈಯಿಂದಲೇ ಮಣ್ಣು ಬಗೆದಳು. ನಾಲ್ಕು ಬೊಗಸೆಗೊಮ್ಮೆ ನಿಂತು ಏದುಸಿರು ಬಿಟ್ಟಳು. ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದು ಚೀಟಿ ಹೊರತೆಗೆದಳು.

ಸರ್ರನೆ ಸದ್ದಾಯಿತು. ಧಪ್ಪನೆ ಬೆನ್ನ ಮೇಲೆ ಮಣ್ಣು ಬಿತ್ತು.

ತಲೆಯೆತ್ತಿದಳು. ಅಂಚಿನಲ್ಲಿ ಯಾರೂ ಇಲ್ಲ. ಮತ್ತೊಂದು ಬುಟ್ಟಿ. ಮತ್ತೊಂದು. ಏಣಿ ವಾಲಿತು. ಮೊಳಕಾಲು ಹೂತಿತು. ಹಗಲು ಆರಿತು. ಮುಗ್ಗಲು ವಾಸನೆ ಮೂಗಿಗೆ ಮೆತ್ತಿತು. ಚೀಟಿಯಲ್ಲಿ ತನ್ನ ಹೆಸರು ಗೀಚಿದಳು. ಮಣ್ಣು ನಿಲ್ಲಲಿಲ್ಲ. ಕೆಳಗೆ ಯಾವುದೋ ಸುಳ್ಳು ಹೆಸರು ಬರೆದಳು. ನಿಲ್ಲಲಿಲ್ಲ. ಸೊಂಟ. ಎದೆ. ಅದಕ್ಕೆ ಬೇಕಾದದ್ದು ಇಲ್ಲಿಯ ಮಣ್ಣು ತುಳಿದವರ ಹೆಸರು. ಎರಡು ತಿಂಗಳು ಇಲ್ಲಿ ಅವಳ ಜೊತೆ ಹದಿನಾಲ್ಕು ಜನ ದುಡಿದಿದ್ದರು. ಅವಳು ಅವರನ್ನು ಕರೆದದ್ದು ಅಕ್ಕಾ, ದಾದಾ, ಕಾಕಾ, ಮಾಮಾ ಎಂದಷ್ಟೇ. ಅವರಲ್ಲಿ ಪೂರ್ತಿ ಹೆಸರು ಅವಳಿಗೆ ಗೊತ್ತಿದ್ದದ್ದು ಒಬ್ಬನದು ಮಾತ್ರ.

ಮಣ್ಣು ಗಂಟಲಿಗೆ ಬಂತು. ತುಟಿಗೆ ಬಂತು.

ಬರೆದಳು.

ಮಣ್ಣು ನಿಂತಿತು. ತಾಡಪತ್ರಿಯ ಸಂದಿಯಿಂದ ಬಿಸಿಲ ಕೋಲೊಂದು ಇಳಿಯಿತು. ನೋಡಿದರೆ ಮಣ್ಣು ಅವಳ ಮೊಳಕಾಲಿನಷ್ಟೇ ಇತ್ತು, ಮೊದಲು ಎಷ್ಟಿತ್ತೋ ಅಷ್ಟೇ. ಎದೆಯ ಭಾರ ಇಳಿದಿತ್ತು. ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಅಳು ಬಂತು. ಚೀಟಿಯನ್ನು ಆಗಲೂ ಹರಿದುಹಾಕಬಹುದಿತ್ತು. ಅದನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಎಲುಬುಗಳ ಪಕ್ಕದಲ್ಲಿಟ್ಟು, ಮಣ್ಣು ಎಳೆದಳು.

ನಾಲ್ಕನೆಯ ದಿನ ಮಧ್ಯಾಹ್ನ ಮಾಮಾ ಮಹಾಲಿಗೆ ಬಂದ. ಮಹಡಿಯ ಹನ್ನೆರಡು ಮೆಟ್ಟಿಲು ಹತ್ತಲು ಮೂರು ಕಡೆ ಕೂತ. ನೀಲಾ ಬಾಗಿಲಲ್ಲಿ ನಿಂತಿದ್ದಳು. ಕೆಳಗಿಳಿದು ಕೈ ಕೊಡಲು ಅವಳಿಂದ ಆಗಲಿಲ್ಲ. ಅವನು ಟವೆಲ್ಲಿನಿಂದ ತುಟಿ ಒರೆಸಿಕೊಂಡ. ಟವೆಲ್ಲಿನ ಮೇಲೆ ಕೆಂಪು ಮಣ್ಣು.

“ಆರಾಮ ಆದ್ರಿ?” ಎಂದ.

ಅವಳು ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

“ನಿನ್ನಿ ಹೋಗಿ ಕುಣಿ ನೋಡಿ ಬಂದೆ ಬಾಯಾರ. ಮಣ್ಣು ಹೊಸದಾಗಿ ಎಳದದ್ದು ನನಗ ತಿಳೀದ ಇರ್ತೈತೇನು?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. “ಡಬ್ಬಿ ತಗಿಯಾಕ ಕೈಯಾಗ ಶಕ್ತಿ ಉಳದಿಲ್ಲ. ಉಳದಿದ್ರೂ ಯಾರ ಹೆಸರಂತ ಬರೀಲಿ? ಎಲ್ಲಾರೂ ನಮ್ಮವ್ರೇ.”

“ಮಾಮಾ...”

“ಅಲ್ಲಿ ಬರದೀರಿ, ಇರ್ಲಿ. ಪುಸ್ತಕದಾಗೂ ಬರೀರಿ ಮತ್ತ. ಮಾತು ಕೊಟ್ಟೀರಿ.”

ನೀಲಾ ತಲೆಯಾಡಿಸಿದಳು. ಅವನು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದ.

ಅವಳು ಒಳಗೆ ಬಂದು ವರದಿಯ ಕಡತ ತೆರೆದಳು. ಕೃತಜ್ಞತೆಯ ಪುಟದಲ್ಲಿ ಅವನ ಹೆಸರು ಬರೆಯಲು ಪೆನ್ನೆತ್ತಿದಳು. ಇಲ್ಲೂ ಅವನ ಹೆಸರಿದ್ದರೆ, ನಾಳೆ ಯಾರಾದರೂ ಆ ಡಬ್ಬಿ ತೆಗೆದು ಎರಡನ್ನೂ ಹೋಲಿಸಿ, ಅವಳು ಯಾರನ್ನು ಮಲಗಿಸಿ ಎದ್ದು ಬಂದಳೆಂದು ತಿಳಿಯಬಹುದು. ಕೊನೆಗೆ ‘ಸ್ಥಳೀಯ ಕೂಲಿಗಳಿಗೆ’ ಎಂದು ಬರೆದು ಕಡತ ಮುಚ್ಚಿದಳು. ಆ ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬಂತು.