ಕೊತ್ತಂಬರಿ ಹೂ ಬಿಟ್ಟ ರಾಜ್ಯ

ಬೆಟ್ಟಗಳು ಒಂದನ್ನೊಂದು ಕೂಗಿ ಮಾತಾಡಿಸುತ್ತಿದ್ದ ಕಾಲದಲ್ಲಿ ಸುರಗಿಪಟ್ಟಣ ಎಂಬೊಂದು ರಾಜ್ಯವಿತ್ತು. ಅಲ್ಲಿ ಹುಟ್ಟಿದ ಕೂಸಿನ ನಾಲಿಗೆಗೆ ಆ ಮಣ್ಣಿನದೇ ಜೇನು ಮುಟ್ಟಿಸಿ, ಆಮೇಲೆ ಕಿವಿಯಲ್ಲಿ ಹೆಸರು ಹೇಳುತ್ತಿದ್ದರು. ಅರಸನ ಮಗುವಾಗಲಿ, ಅಗಸನ ಮಗುವಾಗಲಿ, ಕ್ರಮ ಒಂದೇ. ಆ ಜನಕ್ಕೆ ಇದೇ ದೊಡ್ಡ ಹೆಮ್ಮೆ. ಹೆಮ್ಮೆಪಡುವಂಥ ಮಾತೇ, ಬಿಡಿ.

ಅರಸ ಬೊಪ್ಪರಾಜ ಒಳ್ಳೆಯವನು. ಆದರೆ ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುತ್ತಿದ್ದ. ಇದನ್ನು ತಿಳಿದ ಕರಿನಾಲಗನೆಂಬ ಮಾಂತ್ರಿಕ ಒಂದು ದಿನ ಅರಮನೆಗೆ ಬಂದ.

"ಮಹಾಪ್ರಭು, ನಿಮ್ಮಂಥವರ ತೋಟದಲ್ಲಿ ಬಾಡುವ ಹೂವೇ? ಎಂದೆಂದಿಗೂ ಬಾಡದ ಹೂವು ಬೆಳೆಸಿಕೊಡುತ್ತೇನೆ."

"ಅದಕ್ಕೆ ಪ್ರತಿಯಾಗಿ ನಿನಗೇನು ಬೇಕು?"

"ಹೆಚ್ಚೇನಿಲ್ಲ. ಮೊದಲ ಹಲ್ಲು ಮೂಡುವ ಹೊತ್ತಿಗೂ ಹೆಸರಿಲ್ಲದ ಮಗು ನಿಮ್ಮ ರಾಜ್ಯದಲ್ಲಿದ್ದರೆ, ಅದನ್ನು ನಾನೇ ಬಂದು ಎತ್ತಿಕೊಂಡು ಹೋಗುತ್ತೇನೆ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮಲ್ಲಿ ಹೆಸರಿಲ್ಲದ ಮಗುವೇ? ಆಗಲಿ, ಮಾತು ಕೊಟ್ಟೆ!"

ಕರಿನಾಲಗ ಹೊಂಗೆ, ಸುರಗಿ, ನೇರಳೆ, ಎಲ್ಲ ಮರಗಳನ್ನೂ ಕಡಿಸಿ ಮೂರು ಹಿಡಿ ಬೂದಿ ಎರಚಿದ. ಊರ ತುಂಬ ಕಣ್ಣು ಕೋರೈಸುವ ಹೂವುಗಳು ಎದ್ದವು. ಅವು ಬಾಡಲಿಲ್ಲ, ನಿಜ. ಆದರೆ ಒಂದರಲ್ಲಾದರೂ ಒಂದು ಹನಿ ಜೇನಿರಲಿಲ್ಲ. ಹಸಿದ ಜೇನುಹುಳುಗಳು ಕರಿಗಲ್ಲು ಬೆಟ್ಟಕ್ಕೆ ಹಾರಿಹೋದವು. ಅರಸ ಹೂವು ನೋಡುತ್ತ ಕೂತವನು ಇದನ್ನು ಗಮನಿಸಲೇ ಇಲ್ಲ.

ಅಷ್ಟರಲ್ಲಿ ರಾಣಿ ಪದುಮಲೆ ಗಂಡುಮಗುವನ್ನು ಹೆತ್ತಳು. ರಾಜ್ಯವೆಲ್ಲ ಹುಡುಕಿದರೂ ನಾಲಿಗೆಗೆ ಮುಟ್ಟಿಸಲು ಜೇನಿಲ್ಲ! ಅರಸ ತಲೆ ಚಚ್ಚಿಕೊಂಡು ಅತ್ತ. ಆಗ ಹಿರಿಯ ಮಗಳು ನಾಗಲೆ ಎದ್ದು ನಿಂತಳು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ, ಎದೆಯಲ್ಲಿ ಮಾತ್ರ ಬಂಡೆಯಂಥ ಧೈರ್ಯ.

"ಅಳೋದು ಆಮೇಲೆ, ಅಪ್ಪಾಜಿ. ನನ್ನ ತಮ್ಮನನ್ನ ನಾನು ಯಾರಿಗೂ ಬಿಟ್ಟುಕೊಡೋಳಲ್ಲ" ಎಂದು ಕರಿಗಲ್ಲು ಬೆಟ್ಟ ಹತ್ತಿದಳು.

ಬಂಡೆಯ ಬಿರುಕಿನಲ್ಲಿ ಕುಳಿತಿದ್ದ ರಾಣಿಜೇನು ಹೇಳಿತು: "ಉಪವಾಸ ಕೆಡವಿದ ಊರಿಗೆ ಸುಮ್ಮನೆ ಬರುತ್ತೇವೆಯೇ? ತೋಟ ಮಾಡು. ಮೂರು ಸಲ ನನ್ನ ದೂತೆಯನ್ನು ಕಳಿಸುತ್ತೇನೆ. ಅವಳ ಹೊಟ್ಟೆ ತುಂಬಿದರೆ ನಾವೆಲ್ಲ ಬರುತ್ತೇವೆ."

ನಾಗಲೆ ಎಸಳ ಮೇಲೆ ಎಸಳು ಒತ್ತಿದ ಗುಲಾಬಿ ಬೆಳೆಸಿದಳು. ದೂತೆ ಬಂದು ಸುತ್ತಿ ಸುತ್ತಿ ಸುಸ್ತಾಯಿತು. "ಒಳಗೆ ಹೋಗಲು ದಾರಿಯೇ ಇಲ್ಲವಲ್ಲ, ತಾಯಿ" ಎಂದು ಹಾರಿಹೋಯಿತು.

ನಾಗಲೆ ದುಂಡುಮಲ್ಲಿಗೆ ಬೆಳೆಸಿದಳು. ದೂತೆ ಬಂದಾಗ ಎಲ್ಲವೂ ಮೊಗ್ಗು. "ಇದು ಅರಳುವುದು ಹೊತ್ತು ಮುಳುಗಿದ ಮೇಲೆ. ನಾವು ಮಲಗಿದ ಮೇಲೆ ಊಟಕ್ಕೆ ಕರೆಯುತ್ತೀಯಾ?" ಎಂದಿತು.

ನಾಗಲೆಗೆ ರೇಗಿತು. "ಹಾಗಾದರೆ ನಿಮಗೇನು ಬೇಕು ಅಂತ ಬಾಯಿಬಿಟ್ಟು ಹೇಳಬಾರದೇ?"

"ನೀನು ಕೇಳಲೇ ಇಲ್ಲವಲ್ಲ! ನಿಮ್ಮ ಹಿತ್ತಲಲ್ಲೇ ತುಳಸಿ, ಸಾಸಿವೆ, ಕೊತ್ತಂಬರಿ ಎಲ್ಲ ಇವೆ. ಆದರೆ ತುಳಸಿ ಕದಿರು ಬಿಟ್ಟೊಡನೆ ಚಿವುಟುತ್ತೀರಿ. ಸಾಸಿವೆ, ಕೊತ್ತಂಬರಿಗಳನ್ನು ಎಳೆಯದರಲ್ಲೇ ಕಿತ್ತು ಒಲೆಗೆ ಒಯ್ಯುತ್ತೀರಿ. ನಮಗೆ ಹೂ ಎಲ್ಲಿ ಉಳಿಯಿತು?"

ಅದೇ ದಿನ ನಾಗಲೆ ಡಂಗುರ ಸಾರಿಸಿದಳು: ಯಾರೂ ತುಳಸಿ ಚಿವುಟಬಾರದು, ಯಾರೂ ಸೊಪ್ಪು ಕೀಳಬಾರದು. ಊರಿಗೆ ಊರೇ ಒಪ್ಪಿತು. ಗೊಣಗಿದವನು ಅರಸನೊಬ್ಬನೇ.

"ಸೊಪ್ಪಿಲ್ಲದ ಸಾರು ಸಾರೇ ಅಲ್ಲ, ಮಗಳೇ."

"ನಿಮಗೆ ಮಗ ಬೇಕೋ, ಘಮ ಬೇಕೋ?"

ಅರಸ ತೆಪ್ಪಗೆ ಸಾರು ಕುಡಿದ.

ಗಿಡಗಳು ಮೊಗ್ಗೊಡೆಯುವ ಹೊತ್ತಿಗೆ ಅರಮನೆಯ ಬಾಗಿಲಿಗೆ ಒಬ್ಬ ಮುದುಕ ಬಂದ. "ಹಸಿದಿದ್ದೇನೆ. ಕೊತ್ತಂಬರಿ ಸೊಪ್ಪಿನ ಚಟ್ನಿ ಬಡಿಸಿ. ಹಿತ್ತಲಲ್ಲಿರುವ ಸೊಪ್ಪೆಲ್ಲ ಹಾಕಿ ಅರೆಯಿರಿ" ಎಂದು ಎಲೆಯ ಮುಂದೆ ಮಣೆಯ ಮೇಲೆ ಕೂತ. ಬಂದವನು ಕರಿನಾಲಗನೇ ಎಂದು ನಾಗಲೆಗೆ ತಿಳಿಯಿತು. ಅವನ ಉಸಿರಿನಲ್ಲಿ ಬೂದಿ ಹಾರುತ್ತಿತ್ತು.

ಎಲೆಯ ಮುಂದೆ ಕೂತ ಅತಿಥಿ ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ, ಅದು ಸುರಗಿಪಟ್ಟಣದ ಕಟ್ಟಳೆ. ಆದರೆ ಅತಿಥಿಯೂ ಉಣ್ಣದೆ ಏಳುವಂತಿಲ್ಲ. ದುರಾಸೆಯಲ್ಲಿ ಮಾಂತ್ರಿಕ ಎರಡನೆಯ ಮಾತನ್ನು ಮರೆತಿದ್ದ.

ನಾಗಲೆ ನಕ್ಕು ನೀರಿನ ಚೊಂಬು ಇಟ್ಟಳು. "ಖಂಡಿತ ಬಡಿಸ್ತೀನಿ, ಅಜ್ಜಾ. ಆದರೆ ನಮ್ಮ ಅಡುಗೆ ಸ್ವಲ್ಪ ನಿಧಾನ. ಗಿಡ ಹೂ ಬಿಡಲಿ, ಜೇನು ಬಂದು ಉಂಡು ಹೋಗಲಿ. ಆಮೇಲೆ ಕಿತ್ತು ಅರೆಯೋಣ. ಕೂತಿರಿ."

ಮಾಂತ್ರಿಕ ಕೂತೇ ಇದ್ದ. ಒಂದು ಬೆಳಗ್ಗೆ ತೊಟ್ಟಿಲಲ್ಲಿದ್ದ ಕೂಸು ಆಕಳಿಸಿತು. ವಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು ಕಂಡಿತು.

"ಮಗು ನನ್ನದು!" ಎಂದು ಕರಿನಾಲಗ ಕೂಗಿ ಏಳಹೋದ. ಮಣೆ ಬಿಡಲಿಲ್ಲ! ಎಳೆದ, ಒದ್ದಾಡಿದ, ಮಂತ್ರ ಹೇಳಿದ. ಮಣೆ ಇನ್ನೂ ಗಟ್ಟಿಯಾಗಿ ಅಂಟಿತು. ಏಳಲಾಗದವನು ಮಗುವನ್ನು ಎತ್ತಿಕೊಳ್ಳುವುದೆಲ್ಲಿ ಬಂತು? ರಾಣಿ ಪದುಮಲೆ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು.

ಅದೇ ಬೆಳಗ್ಗೆ ಹಿತ್ತಲುಗಳು ಹೂಬಿಟ್ಟವು. ಸಾಸಿವೆ ಹಳದಿಯಾಯಿತು, ಕೊತ್ತಂಬರಿ ಬೆಳ್ಳಗೆ ನೊರೆಯುಕ್ಕಿತು, ತುಳಸಿಯ ಕದಿರುಗಳು ತೂಗಾಡಿದವು. ದೂತೆ ಬಂದು ಹೂವಿನಿಂದ ಹೂವಿಗೆ ಹಾರಿ, ಹೊಟ್ಟೆ ತುಂಬಿಸಿಕೊಂಡು, ಹಾರಲಾರದೆ ಹಾರುತ್ತ ಬೆಟ್ಟಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೇ ಆಕಾಶ ಗುಂಯ್‌ಗುಟ್ಟಿತು. ಜೇನುಹುಳುಗಳ ದಂಡೇ ಇಳಿದುಬಂದು, ಅರಮನೆಯ ಗೋಡೆಯ ಪೊಟರೆಯಲ್ಲಿ ಸಂಜೆಯೊಳಗೆ ಮೊದಲ ಜೇನುಹುಟ್ಟು ಕಟ್ಟಿತು.

ನಾಗಲೆ ಬೆರಳ ತುದಿಯಲ್ಲಿ ಜೇನು ತಂದು ತಮ್ಮನ ನಾಲಿಗೆಗೆ ಮುಟ್ಟಿಸಿದಳು. ಕಿವಿಯಲ್ಲಿ "ಹೊನ್ನರಸ" ಎಂದಳು. ಕೂಸು ಚಪ್ಪರಿಸಿ ನಕ್ಕಿತು. ಬಾಡದ ಹೂವುಗಳೆಲ್ಲ ಒಮ್ಮೆಗೇ ಬೂದಿಯಾಗಿ ಉದುರಿದವು.

ಕೊಟ್ಟ ಮಾತಿನಂತೆ ನಾಗಲೆ ಚಟ್ನಿ ಬಡಿಸಿದಳು, ಬಲಿತ ಸೊಪ್ಪಿನದು, ಕಹಿ ಕಹಿ. ಎಲೆಯ ತುದಿಗೆ ಒಂದು ತೊಟ್ಟು ಜೇನನ್ನೂ ಇಟ್ಟಳು. ಚಟ್ನಿ ಉಂಡು ಆ ಜೇನನ್ನು ನಾಲಿಗೆಗೆ ತಾಗಿಸಿದ್ದೇ ತಡ, ಮಾಂತ್ರಿಕನ ಮಾಯೆಯೆಲ್ಲ ಇಳಿದುಹೋಗಿ ಬರೀ ಬಡಕಲು ಮುದುಕನೊಬ್ಬ ಉಳಿದ. ಅವನ ಕಣ್ಣಲ್ಲಿ ನೀರಾಡಿತು.

"ನನಗೆ ಯಾರೂ ಜೇನು ಮುಟ್ಟಿಸಿರಲಿಲ್ಲ, ತಾಯಿ. ಕರಿನಾಲಗ ಅನ್ನೋದು ಜನ ಬೈದ ಮಾತು, ಹೆಸರಲ್ಲ."

ಊರವರು ಹೊಡೆಯಲು ಕೈಯೆತ್ತಿದ್ದರು. ನಾಗಲೆ ಅವರನ್ನು ತಡೆದು, ತಲೆಯೆತ್ತಿ ಹೇಳಿದಳು: "ಇದು ಸುರಗಿಪಟ್ಟಣ. ನಮ್ಮ ಜೇನು ಉಂಡವನು ಹೆಸರಿಲ್ಲದೆ ಹೋಗುವಂತಿಲ್ಲ." ಮುದುಕನ ಕಿವಿಯ ಹತ್ತಿರ ಬಾಗಿ "ಸಿರಿಯಣ್ಣ" ಎಂದಳು. ಅವನು ಆ ಹೆಸರನ್ನು ಮೆಲ್ಲಗೆ ತಾನೇ ಒಮ್ಮೆ ಹೇಳಿಕೊಂಡ. ಮಣೆ ತಾನಾಗಿ ಬಿಟ್ಟುಕೊಂಡಿತು.